ಮೂರೂ ಹತ್ತರ ಫೋನು

ಟ್ರಿಣ್ ಟ್ರಿಣ್ ಅಂತ ಎರಡು ಸಲ ಬಡಿದು ಫೋನು ನಿಲ್ಲುತ್ತಿತ್ತು. ಯಾರೋ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬೇಡವೆಂದು ಹಿಂದೆ ತೆಗೆದುಕೊಂಡ ಹಾಗೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಮತ್ತೆ ಎರಡು ಸಲ. ಆಗ ಎತ್ತಬೇಕು. ಮೊದಲ ಸರದಿಗೇ ಎತ್ತಿದರೆ ಲೈನು ಕಟ್ಟಾಗುತ್ತಿತ್ತು. ಎರಡನೆಯದಕ್ಕೂ ಎತ್ತದೆ ಬಿಟ್ಟರೆ ಮೂರನೆಯ ಸರದಿ ಅನ್ನುವುದು ಇರಲಿಲ್ಲ. ಟೈಮು ಮಧ್ಯಾಹ್ನ ಮೂರೂ ಹತ್ತು. ಭಾನುವಾರ ಬಿಟ್ಟು ದಿನವೂ.

ಎತ್ತಿದರೆ ಆ ಕಡೆ ಮಾತಿಲ್ಲ. ಉಸಿರು ಇರುತ್ತಿತ್ತು, ಅದೂ ಗಮನವಿಟ್ಟು ಕೇಳಿದರೆ. ಉಸಿರಿಗಿಂತ ಸ್ವಲ್ಪ ಮೇಲಿಂದ, ಕಿರ್... ಕಿರ್... ಅಂತ ಉಯ್ಯಾಲೆಯ ಸರಪಳಿಯ ಸದ್ದು. ಹಿಂದಕ್ಕೆ ಹೋಗುವಾಗ ಉದ್ದ, ಮುಂದಕ್ಕೆ ಬರುವಾಗ ಗಿಡ್ಡ.

ಸಿಸ್ಟರ್ ತೀರಿಕೊಂಡರು ಅಂತ ಅವರ ತಮ್ಮನ ಸೊಸೆ ಫೋನು ಮಾಡಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಈ ಸದ್ದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ತಾನಾಗಿ ಕೇಳದೆ ಬದುಕಿದ ಹೆಂಗಸು. ಅವರದ್ದನ್ನು ನಾನು ಪ್ರಿಂಟಿನಲ್ಲಿ ಹಾಕಿದರೆ ಪ್ರಾಪರ್ ಆಗುವುದಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ನನಗೆ ಸಿಸ್ಟರ್ ಅಂದರೆ ಬಿಳಿ ಗೌನು, ಜಪಮಣಿ, ಕನ್ನಡದಲ್ಲಿ ಮಾತಾಡಿದರೆ ಬೆರಳ ಗಂಟಿಗೆ ಫುಟ್‌ರೂಲರ್. ಈ ಸಿಸ್ಟರ್ ಹಳೇ ಕೆಂಗೇರಿಯವರು. ಅವರ ಮನೆಯವರು ರಾಗಿ ಬೆಳೆದ ಹೊಲ ಈಗ ಯಾವುದೋ ಲೇಔಟಿನ ನಾಲ್ಕನೇ ಬ್ಲಾಕು. ಮನಸ್ಸಿನ ಕಾಯಿಲೆಯ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನರ್ಸಾಗಿದ್ದು ರಿಟೈರ್ ಆದವರು. ಗಿಡ್ಡಕ್ಕೆ, ದಪ್ಪಕ್ಕೆ ಇದ್ದರು. ಎಲೆಅಡಿಕೆ ಹಾಕುತ್ತಿದ್ದರು. ಬ್ಲೌಸಿಗೆ ಪಿನ್ನು ಚುಚ್ಚಿ ತಲೆಕೆಳಗಾಗಿ ನೇತುಹಾಕಿದ ನರ್ಸ್ ವಾಚನ್ನು ರಿಟೈರ್ ಆದ ಮೇಲೂ ಬಿಟ್ಟಿರಲಿಲ್ಲ. ಮೊದಲ ದಿನ ನಾನು "ಗುಡ್ ಮಾರ್ನಿಂಗ್, ಸಿಸ್ಟರ್" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ತಿಂಡಿ ಆಯ್ತಾ ಮಿಸ್?" ಅಂದರು. ಅವತ್ತಿಂದ ನಾನು ಮಿಸ್. ಅವರಿಗಿಂತ ನಾಲ್ಕು ವರ್ಷ ದೊಡ್ಡವಳು, ವಿಧವೆ, ಎರಡು ಮೊಮ್ಮಕ್ಕಳ ಅಜ್ಜಿ, ಆದರೂ ಮಿಸ್.

ನಮ್ಮ ಜಾಗ ವಿಜಯನಗರದಲ್ಲಿ ಒಂದು ಹಳೇ ಡಿಸ್ಪೆನ್ಸರಿಯ ಮಹಡಿ ಮೇಲಿನ ರೂಮು. ಬೋರ್ಡಿನಲ್ಲಿ ಮಾನಸಿಕ ತುರ್ತು ನೆರವು ಅಂತಿತ್ತು. ಸುತ್ತಮುತ್ತಲಿನವರ ಬಾಯಲ್ಲಿ ಅದು ಫೋನ್ ರೂಮು. ಒಂದು ಮೇಜು, ಒಂದು ಲ್ಯಾಂಡ್‌ಲೈನು, ಕರೆದರೆ ಬರುವ ಒಬ್ಬ ಆಟೋದವರು, ಸಿಸ್ಟರ್, ಮತ್ತು ವಾಲಂಟಿಯರ್ ಆಗಿ ನಾನು. ಆರ್‌ಪಿಸಿ ಲೇಔಟಿನ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ಹತ್ತರಿಂದ ಐದರವರೆಗೆ. ನನ್ನ ಕೆಲಸ ರಿಜಿಸ್ಟರು ನೋಡಿಕೊಳ್ಳುವುದು, ಇಂಗ್ಲಿಷಿನಲ್ಲಿ ಲೆಟರ್ ಬರೆಯುವುದು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕೈಮೀರಿ ಹೋದರೆ ಜನ ಫೋನು ಮಾಡುತ್ತಿದ್ದರು, ಸಿಸ್ಟರ್ ಹೋಗುತ್ತಿದ್ದರು. ಅಷ್ಟೇ ನಮ್ಮ ಸಿಸ್ಟಂ.

ಒಂದು ಸಲ ಬಸವೇಶ್ವರನಗರದಲ್ಲಿ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹನ್ನೊಂದು ಗಂಟೆ ಬಿಸಿಲಿನಲ್ಲಿ ಮನೆಯ ಓವರ್‌ಹೆಡ್ ಟ್ಯಾಂಕಿನ ಮೇಲೆ ಹತ್ತಿ ಕೂತಿದ್ದರು. ಕೆಳಗೆ ಬೀದಿ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಹೆಂಡತಿ ಅಳುತ್ತಿದ್ದರು. ಸಿಸ್ಟರ್ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ, ಟ್ಯಾಂಕಿನ ನೆರಳಿನಲ್ಲಿ ಕೂತು, ದಮ್ಮು ತಗೊಂಡು, ಕೇಳಿದ್ದು ಒಂದೇ ಮಾತು. "ಸಾರ್, ಕೆಳಗಡೆ ನಲ್ಲೀಲಿ ನೀರು ಬರ್ತಿಲ್ಲ. ಟ್ಯಾಂಕಲ್ಲಿ ಎಷ್ಟಿದೆ ಸ್ವಲ್ಪ ನೋಡ್ತೀರಾ?"

ಮ್ಯಾನೇಜರು ಮುಚ್ಚಳ ಎತ್ತಿ ಒಳಗೆ ನೋಡಿದರು. ಅರ್ಧ ಇದೆ ಅಂದರು. ಸರಿಯಾಗಿ ಮುಚ್ಚಿ ಬನ್ನಿ, ಪಾರಿವಾಳ ಬಿದ್ದೀತು ಅಂದರು ಸಿಸ್ಟರ್. ಅವರು ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಏಣಿ ಇಳಿದು ಬಂದು, ಇವರ ಪಕ್ಕ ಕೂತು ಮಗುವಿನ ಹಾಗೆ ಅತ್ತರು.

ಆಟೋದಲ್ಲಿ ವಾಪಸು ಬರುವಾಗ ನಾನು ಇಂಗ್ಲಿಷಿನಲ್ಲಿ ಏನೇನೋ ಹೊಗಳಿದೆ. ಅವರು ಹೊರಗೆ ನೋಡುತ್ತಾ ಹೇಳಿದರು: "ಕೈ ಹಿಡೀಬಾರದು ಮಿಸ್. ಕೈಗೆ ಕೆಲಸ ಕೊಡಬೇಕು."

ಮೂರೂ ಹತ್ತರ ಫೋನಿಗೂ ಅವರ ಪದ್ಧತಿ ಅದೇ. ಆ ಹೊತ್ತಿಗೆ ಅವರ ಬಟ್ಟೆ ಚೀಲದಿಂದ ಏನಾದರೂ ಹೊರಗೆ ಬರುತ್ತಿತ್ತು. ಕೀರೆ ಸೊಪ್ಪು, ಕಲ್ಲು ಆರಿಸಬೇಕಾದ ಅಕ್ಕಿ, ಕಟ್ಟಬೇಕಾದ ಕಾಕಡ ಹೂವು. ಚಳಿಗಾಲವಾದರೆ ಅವರೆಕಾಯಿ, ಸೊನೆಯ ವಾಸನೆ ರೂಮಿಗೆಲ್ಲ ಹಿಡಿಯುವಂಥದ್ದು. ಎರಡನೆಯ ಸರದಿಗೆ ರಿಸೀವರ್ ಎತ್ತಿ, ಕಿವಿಗಿಟ್ಟು, "ಬಂದ್ರಾ" ಅಂದು, ಅದನ್ನು ಮೇಜಿನ ಮೇಲೆ ತಟ್ಟೆಯ ಪಕ್ಕ ಮಲಗಿಸಿಬಿಡುತ್ತಿದ್ದರು. ಆಮೇಲೆ ಸುಲಿಯುತ್ತಾ ಮಾತು. ಇವತ್ತು ಮೆಟ್ರೋದಲ್ಲಿ ಸೀಟು ಸಿಗಲಿಲ್ಲ. ಈ ಕಾಯಿ ನೋಡೋಕೆ ಚೆನ್ನಾಗಿದೆ, ಒಳಗಡೆ ಹುಳ. ಮಿಸ್ಸು ಇವತ್ತು ಹೊಸ ಸೀರೆ, ಕೇಳಿದ್ರೆ ಹಳೇದು ಅಂತಾರೆ. ಕಾಳು ಸ್ಟೀಲ್ ತಟ್ಟೆಗೆ ಬೀಳುವ ಸದ್ದು ಆ ಕಡೆಗೆ ಹೋಗಬೇಕು, ಸರಪಳಿಯ ಸದ್ದು ಈ ಕಡೆಗೆ ಬರಬೇಕು. ಹತ್ತು, ಹದಿನೈದು ನಿಮಿಷ. ಒಂದು ಪ್ರಶ್ನೆಯಿಲ್ಲ. ಆ ಕಡೆ ಫೋನು ಇಟ್ಟ ಮೇಲೆ ರಿಜಿಸ್ಟರಿನಲ್ಲಿ ಒಂದೇ ಪದ ಬರೆಯುತ್ತಿದ್ದರು: ಬಂದಿದ್ದರು.

ಹಾಗೆ ಮಾತಾಡದ ಬೇರೆಯವರೂ ಅಪರೂಪಕ್ಕೆ ಇದ್ದರು. ಅವರಿಗೂ ಅದೇ ಪದ. ಯಾರು, ಗಂಡಸೋ ಹೆಂಗಸೋ, ನಂಬರ್ ತೋರಿಸುವ ಫೋನು ಹಾಕಿಸಬಹುದಲ್ಲ ಅಂತ ನಾನು ಕೇಳಿದ್ದೆ. "ಮುಖ ಮುಚ್ಕೊಂಡು ಬಂದೋರ ಸೆರಗು ಎಳೀತೀರಾ ಮಿಸ್?" ಅಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಒಂದು ಮಧ್ಯಾಹ್ನ ಸರಪಳಿ ನಿಂತಿತು. ನಾನು ಲೆಟರ್ ಬರೆಯುತ್ತಿದ್ದೆ, ನನಗೆ ಗೊತ್ತಾದದ್ದು ಸಿಸ್ಟರ್ ಕೈ ನಿಂತದ್ದರಿಂದ. ಅರ್ಧ ಬಿಚ್ಚಿದ ಕಾಯಿ ಬೆರಳ ನಡುವೆಯೇ ಇತ್ತು. ಅವರು ರಿಸೀವರಿನ ಹತ್ತಿರ ಬಗ್ಗಿ, ಪಕ್ಕದಲ್ಲಿ ಮಲಗಿದ ಕೂಸಿಗೆ ಹೇಳುವ ಹಾಗೆ ಹೇಳಿದರು. "ಕಾಲು ನೆಲಕ್ಕೆ ಊರಿದ್ರಾ? ಊರ್ಕೊಂಡಿರಿ. ಎಲ್ಲೂ ಹೋಗಬೇಡಿ. ನಾನೂ ಹೋಗಲ್ಲ."

ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಕೆಳಗೆ ಡಿಸ್ಪೆನ್ಸರಿಯಲ್ಲಿ ಯಾರೋ ಕೆಮ್ಮುತ್ತಿದ್ದರು. ಎಷ್ಟು ಹೊತ್ತೋ ಹೇಳಲಾರೆ. ನನ್ನ ಪೆನ್ನಿನ ತುದಿಯಲ್ಲಿ ಮಸಿ ಒಣಗಿತ್ತು. ಆಮೇಲೆ, ತುಂಬ ದೂರದಿಂದ ಬಂದ ಹಾಗೆ, ಒಂದು ಕಿರ್. ಇನ್ನೊಂದು. ಸಿಸ್ಟರ್ ಕಾಯಿಯನ್ನು ಪೂರ್ತಿ ಬಿಚ್ಚಿ ಕಾಳನ್ನು ತಟ್ಟೆಗೆ ಹಾಕಿದರು. ಅವರ ಮೇಲ್ತುಟಿಯ ಮೇಲೆ ಬೆವರು. ಅವತ್ತು ಫೋನು ಇಟ್ಟ ಮೇಲೆ, "ಇವತ್ತು ಹತ್ತಿರ ಬಂದಿತ್ತು ಮಿಸ್" ಅಂದರು. ಏನು ಅಂತ ನಾನು ಕೇಳಲಿಲ್ಲ. ಅದು ಏನು ಅಂತ ನನಗೂ ಗೊತ್ತಿತ್ತು.

ಆಮೇಲೆ ರೀಸ್ಟ್ರಕ್ಚರಿಂಗ್ ಬಂತು.

ಅದನ್ನು ತಂದವರು ಕೆಟ್ಟವರಲ್ಲ. ಐ ಮಸ್ಟ್ ಬಿ ಫೇರ್. ಕೋಆರ್ಡಿನೇಟರ್ ಒಬ್ಬಳು ಹುಡುಗಿ, ಹತ್ತಿ ಕುರ್ತಾ, ಲ್ಯಾಪ್‌ಟಾಪು, ತಗ್ಗಿದ ದನಿ. ಊರಿಗೆಲ್ಲ ಒಂದೇ ನಂಬರು, ಹಗಲೂ ರಾತ್ರಿ. ಫೋನಿನಲ್ಲೇ ಪ್ರಶ್ನೆ ಕೇಳಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ಕೆಂಪಾದರೆ ಟ್ರೇನಿಂಗ್ ಆದವರು ವ್ಯಾನಿನಲ್ಲಿ ಬರುತ್ತಾರೆ. ನಮ್ಮಲ್ಲಿ ಸಂಜೆ ಐದಕ್ಕೆ ಬೀಗ ಬೀಳುತ್ತಿತ್ತು; ಆರು ಗಂಟೆಗೆ ಕಷ್ಟ ಬಂದವರು ಬೆಳಗಿನವರೆಗೆ ಕಾಯಬೇಕಿತ್ತು. ಸಿಸ್ಟರೇ ಅಂದರು, ಒಳ್ಳೇದೇ ಕಣಮ್ಮ, ಇದು ಯಾವತ್ತೋ ಆಗಬೇಕಿತ್ತು ಅಂತ.

ಯಾವ ಡೆಸ್ಕು ಉಳಿಯಬೇಕು, ಯಾವುದು ಸೇರಿಕೊಳ್ಳಬೇಕು ಅಂತ ತೀರ್ಮಾನಿಸಲು ಹಳೇ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕಿತ್ತು. ಆ ಕೆಲಸ ನನ್ನದು. ಟೈಪಿಂಗಿನಲ್ಲಿ ನಾನು ಹೈಯರ್ ಪಾಸು, ಫಸ್ಟ್ ಕ್ಲಾಸು. ಈ ವಯಸ್ಸಿನಲ್ಲಿ ಯಾರೋ ನನ್ನ ಬೆರಳಿಗೆ ಕೆಲಸ ಕೊಟ್ಟರಲ್ಲ ಅಂತ ಖುಷಿಯಿಂದಲೇ ಕೂತೆ. ಪ್ರತಿ ಕರೆಗೂ ಒಂದು ಕಾಲಂ, ಕಾಲ್ ಟೈಪ್. ಅದನ್ನು ಒತ್ತಿದರೆ ಆರು ಪದ ಕೆಳಗೆ ಇಳಿಯುತ್ತವೆ, ಒಂದನ್ನು ಆರಿಸಬೇಕು. 'ಬಂದಿದ್ದರು' ಅನ್ನುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕೊನೆಯಲ್ಲಿ ಬ್ಲಾಂಕ್ ಅಂತಿತ್ತು. ಮಾತಾಡದ ಕರೆ, ಬ್ಲಾಂಕ್. ನನಗೆ ಒಂದು ಕ್ಷಣವೂ ಯೋಚನೆ ಬರಲಿಲ್ಲ. ಎಷ್ಟು ವರ್ಷಗಳ ಬಂದಿದ್ದರು, ಬಂದಿದ್ದರು, ಬಂದಿದ್ದರು. ಟಕ್ ಟಕ್ ಅಂತ ಒಂದೊಂದನ್ನೂ ಬ್ಲಾಂಕ್ ಮಾಡಿದೆ. ನಿಮ್ಮ ಡೇಟಾ ತುಂಬ ಕ್ಲೀನ್ ಇದೆ ಮ್ಯಾಮ್ ಅಂತ ಕೋಆರ್ಡಿನೇಟರ್ ಹೊಗಳಿದಾಗ ನಾಚಿಕೊಂಡೆ ಕೂಡ.

ಮೀಟಿಂಗಿನಲ್ಲಿ ಪರದೆಯ ಮೇಲೆ ಒಂದು ಬಣ್ಣಬಣ್ಣದ ಚಕ್ರ ಬಂತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು ಬೂದಿ ಬಣ್ಣ. ಈ ಡೆಸ್ಕಿಗೆ ಬರುವುದರಲ್ಲಿ ಹೆಚ್ಚಿನವು ಖಾಲಿ ಕರೆಗಳು, ಆದ್ದರಿಂದ ಇದನ್ನು ಸೆಂಟ್ರಲ್ ನಂಬರಿಗೆ ಸೇರಿಸಬಹುದು ಅಂತ ಆ ಹುಡುಗಿ ಮೃದುವಾಗಿ ಓದಿದಳು.

ಸಿಸ್ಟರ್ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, ಆ ಬೂದಿ ಬಣ್ಣದ್ದು ಯಾರು ಮಿಸ್?

ಏನು ಅಂತ ಕೇಳಲಿಲ್ಲ. ಯಾರು ಅಂತ ಕೇಳಿದರು. ನಾನು ಹೇಳಿದೆ. ಹಾಗೆ ಬರೆದವರು ಯಾರು ಅಂದರು. ನಾನೇ ಅಂದೆ. ಅವರು ತಲೆಯಾಡಿಸಿ, ಪರದೆಯ ಕಡೆ ಮತ್ತೆ ತಿರುಗಿ, ಆ ತುಂಡನ್ನೇ ನೋಡುತ್ತಾ ಕೂತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಎದ್ದು ನಿಂತು ಕೋಆರ್ಡಿನೇಟರಿಗೆ ಎಲ್ಲ ವಿವರಿಸಿದೆ. ಅವಳಿಗೆ ಅರ್ಥವೂ ಆಯಿತು. ಆದರೆ ಕಾಗದ ಮೇಲಕ್ಕೆ ಹೋಗಿ ಆಗಿತ್ತು. ಈ ನಂಬರಿಗೆ ಮಾಡಿದರೆ ಕರೆ ತಾನಾಗೇ ಸೆಂಟ್ರಲ್‌ಗೆ ಹೋಗುತ್ತದೆ, ಮ್ಯಾಮ್, ಯಾರೂ ತಪ್ಪಿಹೋಗುವುದಿಲ್ಲ ಅಂದಳು. ಕನ್ನಡಕ್ಕೆ ಒಂದು ಒತ್ತಿ ಅಂತ ರೆಕಾರ್ಡಿಂಗ್ ಬರುತ್ತದೆ, ಒತ್ತದಿದ್ದರೆ ಸ್ವಲ್ಪ ಹೊತ್ತಿಗೆ ಕಟ್ಟಾಗುತ್ತದೆ, ಬೇರೆಯವರಿಗೆ ಲೈನು ಸಿಗಬೇಕಲ್ಲ.

ಕೊನೆಯ ದಿನ ಊಟದ ಹೊತ್ತಿಗೆ ಸಿಸ್ಟರ್ ನನ್ನನ್ನು ಒಂದು ಮಾತು ಕೇಳಿದರು. ನಮ್ಮ ಮನೇಲಿ ಲ್ಯಾಂಡ್‌ಲೈನು ಇಲ್ಲ, ಮೊಬೈಲು ಯಾವಾಗಲೂ ತಮ್ಮನ ಮೊಮ್ಮಕ್ಕಳ ಕೈಲಿ. ನಿಮ್ಮನೇದು ಇದೆಯಲ್ಲ ಮಿಸ್, ಮೂರೂ ಹತ್ತರವರಿಗೆ ಆ ನಂಬರ್ ಕೊಡಲಾ?

ನಾನು ಬೇಡ ಅಂದೆ. ನಾನು ಒಬ್ಬಳೇ ಇರುವವಳು, ಗೊತ್ತಿಲ್ಲದವರಿಗೆ ನಂಬರ್ ಕೊಡುವುದು ಹೇಗೆ, ಅದು ಪ್ರೊಟೋಕಾಲ್ ಅಲ್ಲ ಅಂದೆ. ಪ್ರೊಟೋಕಾಲ್ ಅನ್ನುವ ಪದ ಆಡುವಾಗ ನನ್ನ ದನಿ ನಮ್ಮ ಹೆಡ್‌ಮಿಸ್ಟ್ರೆಸ್ ದನಿಯ ಹಾಗೆ ಕೇಳಿಸಿತು. ನಿಜ ಹೇಳಬೇಕೆಂದರೆ ಭಯ. ಆ ಸರಪಳಿ ನನ್ನ ಮನೆಯ ಹಾಲಿನೊಳಗೆ ಬರುವುದು ನನಗೆ ಬೇಡವಾಗಿತ್ತು. ಸಿಸ್ಟರ್ ಸರಿ ಅಂದು ಬುತ್ತಿ ಮುಚ್ಚಿದರು.

ಮೂರೂ ಹತ್ತಕ್ಕೆ ಬಂತು. ಅವತ್ತು ಅವರು ಏನನ್ನೂ ಸುಲಿಯಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ನಾಳೆಯಿಂದ ಇಲ್ಲಿ ಬೇರೆಯವರು ಎತ್ತುತ್ತಾರೆ, ಒಂದು ಗುಂಡಿ ಒತ್ತಬೇಕಂತೆ, ಒತ್ತಿ, ಒಳ್ಳೆಯವರೇ ಅವರೂ ಅಂದರು. ಸರಪಳಿ ನಿಂತಿತು. ಅವರು ಕಾದರು. ಗಡಿಯಾರ ಮೂರೂವರೆ ತೋರಿಸಿತು, ನಾಲ್ಕು ತೋರಿಸಿತು. ಆ ಕಡೆ ಫೋನು ಇಟ್ಟಿರಲಿಲ್ಲ, ಉಯ್ಯಾಲೆ ಆಡುತ್ತಲೂ ಇರಲಿಲ್ಲ. ಐದಕ್ಕೆ ಲೈನಿನವರು ಬಂದು ಕೆಳಗಡೆ ಬಾಕ್ಸಿನಲ್ಲಿ ಏನೋ ಬದಲಾಯಿಸಿದರು. ಉಸಿರಿನ ಸದ್ದು ಅಲ್ಲಿಗೆ ಕಡಿದುಹೋಯಿತು. ಸಿಸ್ಟರ್ ರಿಜಿಸ್ಟರ್ ತೆಗೆದು, ಮಾಮೂಲಿನ ಪದ ಬರೆಯದೆ, ಮುಚ್ಚಿಟ್ಟರು.

ಮೂರು ವಾರದ ಮೇಲೆ ವಿಜಯನಗರದ ತರಕಾರಿ ಅಂಗಡಿಯಲ್ಲಿ ಯಾರೋ ಹೇಳಿದರು, ನಿಮ್ಮ ಸಿಸ್ಟರ್‌ಗೆ ಏನೋ ಆಗಿದೆ, ಮಧ್ಯಾಹ್ನ ಅತ್ತಿಗುಪ್ಪೆ ಕಡೆ ಗೇಟು ಗೇಟಿಗೂ ನಿಂತು ಕಿವಿ ಕೊಡ್ತಾರೆ ಅಂತ. ಮಾರನೆಯ ದಿನ ಹೋದೆ. ನಿಜವೇ. ಬಿಸಿಲಿನಲ್ಲಿ, ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಕಾಂಪೌಂಡಿನ ಪಕ್ಕ ಕಣ್ಣು ಮುಚ್ಚಿ ನಿಂತಿದ್ದರು. ನನ್ನನ್ನು ನೋಡಿ ಆಶ್ಚರ್ಯವೇನೂ ಪಡಲಿಲ್ಲ. ಬನ್ನಿ ಮಿಸ್, ಆ ಕಡೆ ಸಾಲು ನೀವು ನೋಡಿ ಅಂದರು.

ಅತ್ತಿಗುಪ್ಪೆಯೇ ಯಾಕೆ ಅಂದೆ. ಉಸಿರು, ಸರಪಳಿ ಬಿಟ್ಟು ಇನ್ನೂ ಎರಡು ಸದ್ದು ಅವರ ಕಿವಿಯಲ್ಲಿದ್ದವು. ಆಗಾಗ ಮೆಟ್ರೋ ಬರುವ ಗುಂಯ್ ಅನ್ನುವ ಶಬ್ದ, ಅದು ನಿಧಾನವಾಗಿ ನಿಂತು ಮತ್ತೆ ಹೊರಡುವುದು. ಅಂದರೆ ಸ್ಟೇಷನ್ ಹತ್ತಿರ. ಮತ್ತೆ ಮೂರೂ ಇಪ್ಪತ್ತಕ್ಕೆ ಒಂದು ಸ್ಕೂಲಿನ ಲಾಂಗ್ ಬೆಲ್. ಸಿಸ್ಟರ್ ಕೆಂಗೇರಿಯಿಂದ ದಿನಾ ಆ ದಾರಿಯಲ್ಲೇ ಓಡಾಡುವವರು. ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಆ ಬೆಲ್ಲಿಗೆ ಕಾದು ಅತ್ತಿಗುಪ್ಪೆಗೆ ಬಂದು ನಿಂತಿದ್ದರು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದ ನನಗೆ ಆ ಎರಡು ಸದ್ದು ಇದ್ದದ್ದೇ ಗೊತ್ತಿರಲಿಲ್ಲ. ಹಿಂದೆ ಬಿದ್ದು ಹುಡುಕಬಾರದು ಅಂತಿದ್ದವರು ನೀವೇ ಅಲ್ಲವೇ ಅಂದೆ. "ಅವರು ಬರ್ತಿದ್ದಾಗ ಹುಡುಕಬಾರದಿತ್ತು," ಅಂದರು. "ಈಗ ಬರೋಕೆ ಜಾಗ ಇಲ್ವಲ್ಲ ಮಿಸ್."

ಆ ಮಧ್ಯಾಹ್ನಗಳನ್ನು ನಾನು ಮರೆಯಲಾರೆ. ಮೂರು ಗಂಟೆಯ ಬೀದಿ ನೀವು ಗಮನಿಸಿದ್ದೀರಾ? ಎಲ್ಲ ಬಾಗಿಲೂ ಮುಚ್ಚಿರುತ್ತವೆ. ನಾಯಿಗಳು ಕಾರಿನಡಿ ಸತ್ತ ಹಾಗೆ ಮಲಗಿರುತ್ತವೆ. ಕಿವಿ ಕೊಟ್ಟು ನಡೆಯತೊಡಗಿದರೆ ಊರೇ ಕಿರುಗುಟ್ಟುತ್ತದೆ. ಒಂದು ಗೇಟು, ಒಂದು ತೊಟ್ಟಿಲು, ಟು-ಲೆಟ್ ಬೋರ್ಡಿನ ತಂತಿ, ಯಾರದೋ ಮನೆಯ ಬೀರು ಬಾಗಿಲು. ಪ್ರತಿಯೊಂದಕ್ಕೂ ನಾನು ನಿಂತು ಸಿಸ್ಟರ್ ಕಡೆ ನೋಡುತ್ತಿದ್ದೆ. ಸಿಸ್ಟರ್ ದೂರದಿಂದಲೇ ಅಲ್ಲ ಅಂತ ತಲೆಯಾಡಿಸುತ್ತಿದ್ದರು. ಮನೆಗೆ ಬಂದು ಮಲಗಿದರೆ ನನ್ನ ಫ್ಯಾನಿನಲ್ಲೂ ಅದೇ ಸದ್ದು.

ಒಂದು ದಿನ ಆ ಬೀದಿಯವರು ಯಾರೋ ಹೊಸ ನಂಬರಿಗೆ ಫೋನು ಮಾಡಿಬಿಟ್ಟರು. ವ್ಯಾನು ಕಾಲು ಗಂಟೆಯೊಳಗೆ ಬಂತು. ಸಿಸ್ಟರ್ ವಾಚು ಎತ್ತಿ ನೋಡಿ, ಪರವಾಗಿಲ್ಲ, ಬೇಗ ಬಂದ್ರು ಅಂದರು, ಇನ್ಸ್‌ಪೆಕ್ಷನ್ನಿಗೆ ಬಂದವರ ಹಾಗೆ. ಇಳಿದ ಹುಡುಗಿ ಟ್ಯಾಬ್ಲೆಟ್ ಹಿಡಿದು, ಅಮ್ಮಾ ನಿಮ್ಮ ಹೆಸರೇನು, ಇವತ್ತು ಯಾವ ವಾರ, ಇದು ಯಾವ ಊರು ಅಂತ ಕೇಳಿದಳು. ಇವರು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಮುಗಿದ ಮೇಲೆ, "ಊಟ ಆಯ್ತಾ ಮಗಳೇ?" ಅಂದರು. ಆ ಹುಡುಗಿ ಟ್ಯಾಬ್ಲೆಟ್ ಕೆಳಗಿಳಿಸಿ, ಇಲ್ಲ ಅಂದಳು. ಬೆಳಿಗ್ಗೆಯಿಂದ ಒಂದರ ಹಿಂದೊಂದು ಕರೆಯಂತೆ. ಸಿಸ್ಟರ್ ಬುತ್ತಿ ಬಿಚ್ಚಿ ಅವಳಿಗೂ ಡ್ರೈವರಿಗೂ ಚಿತ್ರಾನ್ನ ಕೊಟ್ಟರು. ವ್ಯಾನು ಹೋದ ಮೇಲೆ, "ನನ್ನನ್ನ ಏನಂತ ಒತ್ತಿದಳು ಮಿಸ್? ನಾನೂ ಬೂದಿ ಬಣ್ಣಾನಾ?" ಅಂತ ನಕ್ಕರು. ಅವತ್ತು ಮೊದಲ ಸಲ ಆ ವಿಷಯಕ್ಕೆ ನನಗೂ ನಗು ಬಂತು.

ಅದಾದ ನಾಲ್ಕನೆಯ ದಿನ ಸಿಕ್ಕಿತು.

ಮೆಟ್ರೋ ರಸ್ತೆಯಿಂದ ಒಳಕ್ಕೆ ಹೋಗುವ ಕ್ರಾಸು. ಮೂಲೆಯ ಸೈಟು ಖಾಲಿ, ಪಕ್ಕದ್ದು ಹಳೇ ಎರಡಂತಸ್ತಿನ ಮನೆ. ಮಹಡಿಯ ವೆರಾಂಡಾಕ್ಕೆ ಗ್ರಿಲ್ಲು, ಬೀದಿಯ ಕಡೆಗೆ ಗ್ರಿಲ್ಲಿನ ತುಂಬ ಹಸಿರು ನೆಟ್ಟು ಕಟ್ಟಿತ್ತು. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. ಹಿಂದಕ್ಕೆ ಉದ್ದ, ಮುಂದಕ್ಕೆ ಗಿಡ್ಡ. ಫೋನಿನಲ್ಲಿ ಕೇಳಿದ್ದ ಸದ್ದನ್ನು ಬರೀ ಗಾಳಿಯಲ್ಲಿ ಕೇಳುವುದು ಎಂಥದ್ದು ಅಂತ ಹೇಗೆ ಬರೆಯಲಿ? ತೀರಿಹೋದವರ ದನಿ ಪಕ್ಕದ ರೂಮಿನಿಂದ ಬಂದ ಹಾಗಿತ್ತು.

ಕೆಳಗಿನ ಮನೆಯಿಂದ ಒಬ್ಬ ಹೆಂಗಸು ಬಂದು ಯಾರು ಬೇಕು ಆಂಟಿ ಅಂದಳು. ನಲವತ್ತರ ಆಸುಪಾಸು, ಕೈಯಲ್ಲಿ ಟೀ ಸೋಸುವ ಜರಡಿ. ಮಹಡಿ ಮೇಲೆ ಯಾರಿದ್ದಾರೆ ಅಂದೆ ನಾನು.

"ಮೇಲೆ ಯಾರೂ ಇಲ್ಲ. ಖಾಲಿ ಇದೆ. ಹಳೇ ಸಾಮಾನು ಹಾಕಿದೀವಿ."

ಅವಳು ಹೇಳುತ್ತಿದ್ದ ಹಾಗೆಯೇ ಮೇಲೆ ಸರಪಳಿ ಆಡುತ್ತಿತ್ತು. ಕಿರ್... ಕಿರ್. ನಮ್ಮ ಮೂವರಿಗೂ ಕೇಳುತ್ತಿತ್ತು. ಅವಳು ಕಣ್ಣು ಕೆಳಗಿಳಿಸಲಿಲ್ಲ. ಆ ಸದ್ದು ಇಲ್ಲವೇ ಇಲ್ಲ ಅನ್ನುವಂತೆ ನನ್ನನ್ನೇ ನೋಡುತ್ತಿದ್ದಳು. ಅದು ಸುಳ್ಳಿನ ಮುಖವಲ್ಲ. ತುಂಬ ವರ್ಷ ಹೇಳಿ ಹೇಳಿ ನಿಜವೇ ಆಗಿಹೋದ ಮಾತಿನ ಮುಖ. ಖಾಲಿ. ನಾನು ಟೈಪು ಮಾಡಿದ ಪದವನ್ನೇ ಅವಳು ಕನ್ನಡದಲ್ಲಿ ಹೇಳಿದ್ದಳು. ಅವಳ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ.

ಸಿಸ್ಟರ್ ವಾದಕ್ಕೆ ಹೋಗಲಿಲ್ಲ. ಹೌದಾ ತಾಯಿ, ಬಿಸಿಲು ಜಾಸ್ತಿ, ಎದುರಿಗೆ ಸ್ವಲ್ಪ ಕೂತು ಹೋಗ್ತೀವಿ ಅಂದರು. ಎದುರು ಮನೆಗೆ ಬೀಗ ಹಾಕಿತ್ತು, ಮೆಟ್ಟಿಲ ಮೇಲೆ ನೆರಳಿತ್ತು. ಅಲ್ಲಿ ಕೂತು ಚೀಲದಿಂದ ತಟ್ಟೆ ತೆಗೆದು ಅವರೆಕಾಯಿ ಸುರಿದುಕೊಂಡರು. ಸುಲಿಯತೊಡಗಿದರು. ಮೊದಲ ಕಾಳು ತಟ್ಟೆಗೆ ಬಿದ್ದು ಟಣ್ ಅಂದದ್ದೇ ಮೇಲೆ ಸರಪಳಿ ನಿಂತಿತು.

ಸಿಸ್ಟರ್ ಕೈ ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಬಂದ್ರಾ," ಅಂದರು, ಮೇಜಿನ ಮೇಲೆ ಮಲಗಿಸಿದ ರಿಸೀವರಿಗೆ ಹೇಳುವಷ್ಟೇ ದನಿಯಲ್ಲಿ. "ಈ ಸಲ ನಾನೇ ಬಂದೆ. ತಡ ಆಯ್ತು."

ಸ್ಕೂಲಿನ ಬೆಲ್ಲು ಬಡಿದು ನಿಂತಿತು. ಆಮೇಲೆ ಕಿರ್ ಅಂತ ಒಂದು. ಇನ್ನೊಂದು.

ನಾನು ಎದ್ದು ನಿಂತೆ. ಯಾಕೆ ನಿಂತೆ ಅಂತ ಈಗಲೂ ಗೊತ್ತಿಲ್ಲ. ಸ್ಕೂಲಿನಲ್ಲಿ ಉತ್ತರ ಹೇಳುವವರು ನಿಲ್ಲಬೇಕಿತ್ತು, ಆ ಅಭ್ಯಾಸ ಇರಬೇಕು. ಬೀದಿಯ ನಡುವೆ ನಿಂತು ನನ್ನ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಒಂದೊಂದೇ ಅಂಕಿಯಾಗಿ, ಎಲಕ್ಯೂಷನ್ನಿನಲ್ಲಿ ಹೇಳುವ ಹಾಗೆ, ಜೋರಾಗಿ ಹೇಳಿದೆ. ಕೆಳಗಿನ ಮನೆಯ ಹೆಂಗಸು ಗೇಟು ಹಿಡಿದು ನಿಂತಿದ್ದಳು. ಅವಳು ತಡೆಯಲಿಲ್ಲ.

"ಇಂಗ್ಲಿಷಲ್ಲಿ ಹೇಳಿದ್ರಿ ಮಿಸ್," ಅಂದರು ಸಿಸ್ಟರ್, ಸುಲಿಯುತ್ತಲೇ. "ಕನ್ನಡದಲ್ಲಿ ಇನ್ನೊಂದು ಸಲ ಹೇಳಿಬಿಡಿ."

ಹೇಳಿದೆ.

ಆಮೇಲೆ ಸಿಸ್ಟರ್ ದಿನವೂ ಹೋಗುತ್ತಿದ್ದರು. ಮೂರು ದಿನ ನಾನೂ ಹೋದೆ, ಆಮೇಲೆ ಮಂಡಿ ಬಾತುಕೊಂಡಿತು. ನಾನು ಮನೆಯಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದೆ. ಬರಲಿಲ್ಲ. ಸಿಸ್ಟರ್ ಅಲ್ಲೇ ಕೂತಿರುವಾಗ ಯಾಕೆ ಬರಬೇಕು ಅಂತ ಸಮಾಧಾನ ಮಾಡಿಕೊಂಡೆ. ಅವರು ತೀರಿಹೋದದ್ದು ಒಂದು ಬೆಳಿಗ್ಗೆ, ಕೆಂಗೇರಿಯ ಮನೆಯಲ್ಲಿ, ಮುಖ ತೊಳೆಯುತ್ತಾ. ಹೃದಯ ಅಂದರು. ಸುದ್ದಿ ಬಂದ ಮಧ್ಯಾಹ್ನ ನಾನು ಕೆಂಗೇರಿಗೆ ಹೋಗಿದ್ದೆ, ಮನೆಯಲ್ಲಿರಲಿಲ್ಲ. ಮಾರನೆಯ ದಿನ ಮೂರೂ ಹತ್ತಕ್ಕೆ ನನ್ನ ಹಾಲಿನಲ್ಲಿ ಎರಡು ಸಲ ಬಡಿದು ನಿಂತಿತು. ಗಡಿಯಾರ ನೋಡುತ್ತಾ ಕೂತೆ. ಮತ್ತೆ ಎರಡು ಸಲ. ಎತ್ತಿದೆ. ನನ್ನ ಕೈಯಲ್ಲಿ ಕೆಲಸವಿರಲಿಲ್ಲ, ಹೇಳಲು ಮಾತಿರಲಿಲ್ಲ. ಬಂದ್ರಾ ಅಂದೆ. ಆಮೇಲೆ ಸಿಸ್ಟರ್ ಇನ್ನಿಲ್ಲ ಅನ್ನುವುದನ್ನೂ ಹೇಳಬೇಕಾಯಿತು. ಅಷ್ಟನ್ನು ಹೇಳಿ, ರಿಸೀವರನ್ನು ಟೀಪಾಯಿಯ ಮೇಲೆ ಮಲಗಿಸಿ, ಅಡುಗೆಮನೆಯಿಂದ ಅಕ್ಕಿಯ ಮೊರ ತಂದೆ. ನಾನು ಅಕ್ಕಿ ಆರಿಸಿ ಎಷ್ಟು ವರ್ಷವಾಗಿತ್ತೋ. ಕಲ್ಲೇ ಇರಲಿಲ್ಲ. ಆದರೂ ಆರಿಸಿದೆ, ನಿಂತ ಸರಪಳಿ ಮತ್ತೆ ಆಡುವವರೆಗೆ.

ಸಿಸ್ಟರನ್ನು ನಾನು ಕೊನೆಯ ಸಲ ನೋಡಿದ್ದು ಅವರು ತೀರಿಹೋಗುವ ಎರಡು ದಿನ ಮೊದಲು, ಮೆಟ್ರೋದಿಂದ. ಮಂಡಿ ತೋರಿಸಲು ಹೊರಟು ವಿಜಯನಗರದಲ್ಲಿ ಹತ್ತಿದ್ದೆ, ಬಾಗಿಲಿನ ಗಾಜಿಗೆ ಒರಗಿ ನಿಂತಿದ್ದೆ. ಅತ್ತಿಗುಪ್ಪೆಯಲ್ಲಿ ನಿಂತು ಟ್ರೇನು ನಿಧಾನವಾಗಿ ಹೊರಟಾಗ ಆ ಕ್ರಾಸು ಕೆಳಗೆ ಕಂಡಿತು. ಮೂಲೆ ಸೈಟು ಖಾಲಿಯಾದ್ದರಿಂದ ಮಹಡಿಯ ವೆರಾಂಡಾದ ಈ ಪಕ್ಕಕ್ಕೆ ಮರೆಯಿರಲಿಲ್ಲ. ಬೀದಿಯಿಂದ ಕಾಣದ್ದು ಮೇಲಿಂದ ಕಾಣುತ್ತಿತ್ತು. ಉಯ್ಯಾಲೆ ಮಣೆ ತೂಗುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಈಗ ತಾನೆ ಎದ್ದುಹೋದ ಹಾಗೆ, ಒಂದಿಷ್ಟು ಓರೆಯಾಗಿ, ತನ್ನಷ್ಟಕ್ಕೆ ತೂಗುತ್ತಿತ್ತು. ಗ್ರಿಲ್ಲಿನ ಹತ್ತಿರ, ಹಸಿರು ನೆಟ್ಟನ್ನು ಎರಡು ಬೆರಳಿನಷ್ಟು ಸರಿಸಿ, ನನಗೆ ಬೆನ್ನು ಹಾಕಿ, ಒಬ್ಬರು ನಿಂತು ಕೆಳಗೆ ನೋಡುತ್ತಿದ್ದರು. ಸೊಂಟದವರೆಗೆ ಬಿಚ್ಚಿದ ಬಿಳಿಕೂದಲು. ಅಷ್ಟೇ ಕಂಡದ್ದು.

ಕೆಳಗೆ ಎದುರು ಮನೆಯ ಮೆಟ್ಟಿಲ ಮೇಲೆ ಸಿಸ್ಟರ್ ತಲೆ ಎತ್ತಿರಲಿಲ್ಲ. ಕೈ ಆಡುತ್ತಿತ್ತು, ತುಟಿಯೂ ಆಡುತ್ತಿತ್ತು. ಅವರ ಪಕ್ಕದಲ್ಲಿ, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಇನ್ನೊಂದು ತಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ತುಂಬ ಸುಲಿಯದ ಕಾಯಿ.